ಎಲೆಯ ಫೋಟೊ ಬೇಡ, ಹಾಳೆ ತೋರಿಸಿ

ಪ್ರಶ್ನೆ: ನಮ್ಮ ತೋಟದ ಅಂಚಿನಲ್ಲಿ ಬಿದಿರ ಮೆಳೆಯೊಂದಿದೆ. ಎಲೆಯ ಫೋಟೊ ಕಳಿಸಿದ್ದೇನೆ. ಇದು ಯಾವ ಜಾತಿ?

ಈ ಪ್ರಶ್ನೆ ಬರದ ವಾರವೇ ಇಲ್ಲ. ದಯವಿಟ್ಟು ಎಲೆಯ ಫೋಟೊ ಕಳಿಸಬೇಡಿ. ಒಂದೇ ಮೆಳೆಯಲ್ಲಿ ಚಿಕ್ಕ ಎಲೆಯೂ ಇರುತ್ತದೆ, ದೊಡ್ಡದೂ ಇರುತ್ತದೆ. ಹಲವು ಜಾತಿಗಳ ಎಲೆ ನೋಡೋಕೆ ಒಂದೇ ಥರ. ಹಿಂದೊಮ್ಮೆ ಎಲೆ ನೋಡಿ ಮುಳ್ಳಿಲ್ಲದ ಜಾತಿ ಅಂದುಬಿಟ್ಟೆ. ನನ್ನ ಮಾತು ನಂಬಿ ರೈತರೊಬ್ಬರು ಮನೆ ಪಕ್ಕದಲ್ಲೇ ಮುಳ್ಳಿನ ಹೆಬ್ಬಿದಿರು ನೆಟ್ಟರು. ಆಮೇಲೆ ಎಲೆ ನೋಡಿ ಹೆಸರು ಹೇಳುವುದನ್ನೇ ಬಿಟ್ಟೆ.

ನನಗೆ ಬೇಕಿರುವುದು ಕಳಲೆಯನ್ನು, ಅಂದರೆ ಬಿದಿರಿನ ಎಳೆ ಮೊಳಕೆಯನ್ನು, ಸುತ್ತಿಕೊಂಡ ಹಾಳೆ. ಗಳ ಬಲಿತಂತೆ ಅದು ಕಳಚಿ ಬುಡಕ್ಕೆ ಬೀಳುತ್ತದೆ, ಅಡಿಕೆ ಹಾಳೆಯ ಹಾಗೆ. ತೀರಾ ಕೆಳಗಿನದು ಬೇಡ, ಐದನೇ ಗಣ್ಣಿನ ಆಸುಪಾಸಿನದು ಸಿಕ್ಕರೆ ಒಳ್ಳೆಯದು. ಹಾಳೆಯ ತುದಿಯಲ್ಲಿ ತ್ರಿಕೋನದಂಥ ಭಾಗ ಇರುತ್ತದೆ. ಅದರ ಒಳಮೈ ತಿರುಗಿಸಿ ನೋಡಿ. ಕಡುಕಂದು ರೋಮ ಒತ್ತಾಗಿದ್ದು, ಗಣ್ಣಿನಲ್ಲಿ ಮೂರು ಮೂರು ಬಾಗಿದ ಮುಳ್ಳೂ ಇದ್ದರೆ ಅದು ಹೆಬ್ಬಿದಿರು, ಅಂದರೆ ಬಾಂಬೂಸಾ ಬ್ಯಾಂಬೋಸ್. ಬರಿಗೈಲಿ ಸವರಬೇಡಿ, ರೋಮ ಚುಚ್ಚಿಕೊಂಡು ತುರಿಸುತ್ತದೆ. ಬುಡದ ತರಗೆಲೆಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ಹಾವು ಇರುವ ಜಾಗ ಅದು.

ಮುಳ್ಳಿಲ್ಲವಾ? ಗಳ ಕಡಿದು ನೋಡಿ. 'ಒಳಗೆ ಗಟ್ಟಿಯಿದ್ದರೆ ಕಿರುಬಿದಿರು' ಅಂತ ಸಸಿ ಮಾರುವವರು ಹೇಳುತ್ತಾರೆ. ಅದನ್ನು ನಂಬಿ ದುಡ್ಡು ಕೊಡಬೇಡಿ. ಕಿರುಬಿದಿರು ಒಣ ಗುಡ್ಡದಲ್ಲಿ ಗಟ್ಟಿ. ತೇವ ಇರುವ ಕಡೆ ಅದೇ ಜಾತಿಯ ಗಳ ಟೊಳ್ಳಾಗುತ್ತದೆ. ಉತ್ತರ ಕನ್ನಡ, ಗೋವಾ ಕಡೆ ಬೇಲಿಗೆ ಬೆಳೆಸುವ ಡೆಂಡ್ರೊಕ್ಯಾಲಮಸ್ ಸ್ಟಾಕ್ಸಿಯ ಗಳವೂ ಗಟ್ಟಿಯೇ, ಅದಕ್ಕೂ ಮುಳ್ಳಿಲ್ಲ. ಹಾಗಾಗಿ ಇಲ್ಲೂ ಹಾಳೆಯೇ ಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಳಮೈ, ಹೊರಮೈ ಎರಡರ ಫೋಟೊ ತೆಗೆಯಿರಿ. ಗಣ್ಣು, ಕಡಿದ ಗಳದ ಬಾಯಿ, ಇಡೀ ಮೆಳೆ, ಇವೂ ಇರಲಿ.

ಪ್ರಶ್ನೆ: ಹೆಬ್ಬಿದಿರು ಹೂ ಬಿಟ್ಟಿದೆ. ಹೂವಿನ ಟೊಂಗೆ ಕಡಿದರೆ ಮೆಳೆ ಉಳಿಯುತ್ತದಾ?

ಇಲ್ಲ. ಹೂ ಬಿಟ್ಟ ಹೆಬ್ಬಿದಿರು ಸಾಯುತ್ತದೆ. ಉಳಿಸುವ ಮದ್ದು ಅಂತ ಯಾರಾದರೂ ಬಂದರೆ ವಾಪಸ್ ಕಳಿಸಿ. ಬಿದಿರಕ್ಕಿ, ಅಂದರೆ ಅದರ ಬೀಜ, ಆರಿಸಿಕೊಳ್ಳಿ, ಬೇಗ ಬಿತ್ತಿ.

ಪ್ರಶ್ನೆ: ಮನೆಯೊಳಗಿನ ಲಕ್ಕಿ ಬ್ಯಾಂಬೂ ಯಾವ ಜಾತಿಯ ಬಿದಿರು?

ಬಿದಿರೇ ಅಲ್ಲ, ಡ್ರಸೀನಾ ಅನ್ನುವ ಬೇರೆಯೇ ಗಿಡ.

ಪ್ರಶ್ನೆ: ಜಾತಿ ಗೊತ್ತಿಲ್ಲದ ಕಳಲೆ ತಿನ್ನಬಹುದಾ?

ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಗೊತ್ತಿರುವ ಕಳಲೆಯನ್ನೇ ನಾವು ಹೆಚ್ಚಿ, ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ ತಿನ್ನುತ್ತೇವೆ. ಹೆಸರು ಗೊತ್ತಿಲ್ಲದ್ದನ್ನು ನಾನಂತೂ ಮುಟ್ಟುವುದಿಲ್ಲ.