ಎತ್ತರ ಇದೆ, ಡಿಫೆನ್ಸ್ ಬರುತ್ತಿಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಬ್ಯಾಸ್ಕೆಟ್‌ಬಾಲ್

ಪ್ರಶ್ನೆ: ನನ್ನ ವಯಸ್ಸು 19, ಎತ್ತರ 6 ಅಡಿ 5 ಇಂಚು, ತೂಕ 96 ಕೆ.ಜಿ. ಕಾಲೇಜು ತಂಡದಲ್ಲಿ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವವನು. ಪಾಯಿಂಟ್ ಹೊಡೆಯುವುದಕ್ಕೆ ತೊಂದರೆ ಇಲ್ಲ. ಆದರೆ ಎದುರಾಳಿ ಗಾರ್ಡ್ (ಚೆಂಡು ನಡೆಸುವವನು) ಸ್ಕ್ರೀನ್ (ನಮ್ಮವನ ದಾರಿಗೆ ಅವರ ಆಟಗಾರ ಅಡ್ಡ ನಿಲ್ಲುವುದು) ಬಳಸಿ ಬಂದನೆಂದರೆ ನನ್ನನ್ನು ದಾಟಿ ಹೋಗುತ್ತಾನೆ, ಇಲ್ಲವೇ ನನ್ನ ಫೌಲ್. ಅರ್ಧ ಆಟಕ್ಕೇ ಮೂರು ಫೌಲ್ ಆಗಿರುತ್ತವೆ. ‘ನೀ ಡಿಫೆನ್ಸಿನ್ಯಾಗ ಕಂಬ ನಿಂತಂಗ ನಿಂತಿರ್ತಿ’ ಅಂತಾರೆ ಕೋಚ್. ಇದು ಕಲಿತರೆ ಬರುವಂಥದ್ದೇ? – ಗದಗದ ಓದುಗ

ಉತ್ತರ: ಬಹುಪಾಲು ಬರುತ್ತದೆ. ಬಾರದ್ದನ್ನು ಮೊದಲೇ ಹೇಳಿಬಿಡುತ್ತೇವೆ: ಮೂರು ಪಾಯಿಂಟ್ ಗೆರೆಯ ಹೊರಗೆ ಚುರುಕಾದ ಗಾರ್ಡ್‌ನನ್ನು ಒಬ್ಬರೇ ತಡೆಯುವುದು ನಿಮಗೆ ಮುಂದೆಯೂ ಕಷ್ಟ. ಅಲ್ಲಿ ಸ್ವಿಚ್ (ಇಬ್ಬರು ತಾವು ಕಾಯುವ ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳುವುದು) ಮಾಡಿಸಬೇಡಿ ಎಂದು ಕೋಚ್‌ಗೆ ಕೇಳಿಕೊಳ್ಳಿ, ಅದರಲ್ಲಿ ಸಂಕೋಚವೇನಿಲ್ಲ. ನೀವು ಬರೆದಿರುವ ಎರಡು ದೂರುಗಳ ಬೇರು ಮಾತ್ರ ಬೇರೆ ಕಡೆ ಇದೆ. ಕಂಬದ ಹಾಗೆ ನಿಂತದ್ದಕ್ಕಿಂತ, ನಿಲ್ಲಬಾರದ ಜಾಗದಲ್ಲಿ ಮೊಣಕಾಲು ನೆಟ್ಟಗೆ ಮಾಡಿ ನಿಂತದ್ದು ನಿಮ್ಮನ್ನು ಕೆಡಿಸುತ್ತಿದೆ.

2008ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಬಂದ 7 ಅಡಿಯ ಬ್ರೂಕ್ ಲೋಪೆಜ್ ಹಲವು ವರ್ಷ ಪಾಯಿಂಟ್ ಹೊಡೆಯುವ ಸೆಂಟರ್ ಎಂದೇ ಹೆಸರಾಗಿದ್ದರು. 2018ರಲ್ಲಿ ಮಿಲ್ವಾಕಿ ಬಕ್ಸ್ ತಂಡ ಸೇರಿದಾಗ ಅವರಿಗೆ 30 ವರ್ಷ. ಅಲ್ಲಿ ಅವರನ್ನು ಗಾರ್ಡ್‌ಗಳ ಬೆನ್ನು ಹತ್ತಿಸದೆ, ರಿಂಗಿನ ಕಡೆ ಹಿಂದೆ ಸರಿಸಿ ನಿಲ್ಲಿಸಿದರು. 35 ತುಂಬಿದ ಮೇಲೆ, 2023ರಲ್ಲಿ, ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರರ ಪಟ್ಟಿಯಾದ ಆಲ್-ಡಿಫೆನ್ಸಿವ್ ಮೊದಲ ತಂಡದಲ್ಲಿ ಅವರ ಹೆಸರು ಬಂತು. ಮೂವತ್ತು ದಾಟಿದವರ ಕಾಲು ಚುರುಕಾಗುವುದುಂಟೇ? ಬದಲಾದದ್ದು ನಿಲ್ಲುವ ಜಾಗ.

ಹಾಗೆ ಹಿಂದೆ ಸರಿದು ನಿಲ್ಲುವುದಕ್ಕೆ ಡ್ರಾಪ್ ಅಂತಾರೆ. ಸ್ಕ್ರೀನ್ ಹಾಕಲು ಬರುವುದು ಕಂಡ ಕೂಡಲೇ ಫ್ರೀ ಥ್ರೋ ಗೆರೆಯಿಂದ ಒಂದು ಹೆಜ್ಜೆ ಒಳಗೆ ಇಳಿಯಿರಿ. ಎದೆ ಚೆಂಡಿನ ಕಡೆಗಿರಲಿ. ಸ್ಕ್ರೀನ್ ಹಾಕಿ ರಿಂಗಿನತ್ತ ಓಡಿ ಬರುವವನು ನಿಮ್ಮ ಕೈಗೆ ಎಟುಕುವ ಅಂತರದಲ್ಲಿರಲಿ. ಒಂದು ಕೈ ಸೊಂಟದ ಮಟ್ಟದಲ್ಲಿ, ಸಂದಿನಲ್ಲಿ ತೂರಿ ಬರುವ ಪಾಸಿಗೆ. ಇನ್ನೊಂದು ತಲೆಯ ಮೇಲೆ, ಎತ್ತಿ ಹಾಕುವ ಪಾಸಿಗೆ. ಗಾರ್ಡ್ ಒಂದು ಹೆಜ್ಜೆ ಮುಂದೆ ಬಂದರೆ ನೀವು ಒಂದು ಸಣ್ಣ ಹೆಜ್ಜೆ ಹಿಂದೆ. ಅವನು ಡ್ರಿಬಲ್ ಬಿಟ್ಟು ಚೆಂಡನ್ನು ಎರಡೂ ಕೈಯಲ್ಲಿ ಎತ್ತುವ ತನಕ ಹಾರಬೇಡಿ.

ಇಲ್ಲಿ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕೆಡುತ್ತದೆ. ಭಯಕ್ಕೆ ರಿಂಗಿನ ಕೆಳಗೇ ಹೋಗಿಬಿಟ್ಟರೆ ಗಾರ್ಡ್ ಆರಾಮಾಗಿ ನಿಂತು ಶಾಟ್ ಹೊಡೆಯುತ್ತಾನೆ. ತಡೆದೇ ತೀರುತ್ತೇನೆಂದು ದೊಡ್ಡ ಹೆಜ್ಜೆ ಹಾಕಿ ಹೊರಗೆ ನುಗ್ಗಿದರೆ ತೂಕವೆಲ್ಲ ಒಂದೇ ಕಾಲಿಗೆ ಬಿದ್ದು, ಅವನು ಆ ಕಾಲಿನ ಪಕ್ಕದಿಂದಲೇ ಹೋಗುತ್ತಾನೆ. ನಿಮಗೆ ಆಗುತ್ತಿರುವುದು ಈ ಎರಡನೆಯದು. ಇನ್ನೊಂದು ಮಾತು: ನಿಮ್ಮ ಗಾರ್ಡ್ ಸ್ಕ್ರೀನಿಗೆ ಸಿಕ್ಕಿಕೊಂಡು ಅಲ್ಲೇ ನಿಂತುಬಿಟ್ಟರೆ ಡ್ರಾಪ್ ನಡೆಯುವುದಿಲ್ಲ. ಅವನು ಹಿಂದಿನಿಂದ ಬೆನ್ನಟ್ಟಿ ಬರಲೇಬೇಕು. ಇಬ್ಬರ ಕೆಲಸಕ್ಕೆ ಒಬ್ಬರೇ ಬೈಸಿಕೊಳ್ಳಬೇಡಿ.

ಇನ್ನು ಕೂತು, ಅಂದರೆ ಮೊಣಕಾಲು ಬಗ್ಗಿಸಿ ಸೊಂಟ ಇಳಿಸಿ ಆಡುವ ವಿಷಯ. ‘ಕೆಳಗ ಕೂಡು, ಕೆಳಗ ಕೂಡು’ ಎಂದು ಕೂಗಿದರೂ ಉದ್ದ ಹುಡುಗರು ಕೂಡುವುದಿಲ್ಲ, ಎಷ್ಟೋ ಸಲ ಪಾದದ ಕೀಲು (ಆಂಕಲ್) ಬಿಗಿದಿರುವುದೇ ಕಾರಣ. ಗೋಡೆಯ ಮುಂದೆ ಬರಿಗಾಲಲ್ಲಿ ನಿಂತು ಹೆಬ್ಬೆರಳನ್ನು ಗೋಡೆಯಿಂದ 10 ಸೆಂ.ಮೀ. ದೂರ ಇಡಿ. ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟದಿದ್ದರೆ ದಿನಾ ಎರಡು ಹೊತ್ತು, ಪ್ರತಿ ಕಾಲಿಗೆ 15 ಸಲ ಇದನ್ನೇ ಮಾಡಿ. ಮುಟ್ಟುವಷ್ಟು ಹತ್ತಿರದಿಂದ ಶುರು ಮಾಡಿ ವಾರಕ್ಕೆ ಅರ್ಧ ಸೆಂ.ಮೀ.ನಂತೆ ದೂರ ಸರಿಯಿರಿ. ನೋವಾದರೆ ನಿಲ್ಲಿಸಿ.

ಫೌಲ್ ತಗ್ಗಿಸಲು ಕೈ ನೋಡಿಕೊಳ್ಳಿ. ನೀವು ನಿಂತ ಜಾಗದ ನೇರ ಮೇಲಿನ ಗಾಳಿ ನಿಮ್ಮದೇ ಎನ್ನುತ್ತದೆ ನಿಯಮ. ಕೈ ನೆಟ್ಟಗೆ ಎತ್ತಿ, ನೇರ ಮೇಲಕ್ಕೆ ಹಾರಿದಾಗ ಎದುರಾಳಿ ಬಂದು ಬಡಿದರೆ ಅದು ನಿಮ್ಮ ಫೌಲ್ ಅಲ್ಲ. ಬ್ಲಾಕ್ ಮಾಡುವ ಆಸೆಗೆ ಮಣಿಕಟ್ಟು ಕೆಳಗೆ ಬಂದ ಕ್ಷಣ ಸೀಟಿ ಕೇಳಿಸುತ್ತದೆ. ಎರಡೂ ಮುಷ್ಟಿಯಲ್ಲಿ ಒಂದೊಂದು ಟೆನಿಸ್ ಚೆಂಡು ಹಿಡಿದು ನಿಲ್ಲಿ, ಗೆಳೆಯ ಎರಡೂ ಬದಿಯಿಂದ ಹತ್ತತ್ತು ಲೇಅಪ್ (ರಿಂಗಿನ ಹತ್ತಿರಕ್ಕೆ ಓಡಿ ಬಂದು ಹಾಕುವ ಶಾಟ್) ಹಾಕಲಿ. ಕೈ ತುಂಬಿರುವಾಗ ಚೆಂಡಿಗೆ ಕೈ ಹಾಕುವ ಚಟ ತಾನಾಗಿ ಬಿಡುತ್ತದೆ. ಹಾರಲೇಬೇಕೆಂದೂ ಇಲ್ಲ. ಎನ್‌ಬಿಎ ಸೆಂಟರ್ ನಿಕೋಲಾ ಯೋಕಿಚ್ ಎತ್ತರ ಹಾರುವ ಆಟಗಾರರೇ ಅಲ್ಲ. ಪಾಸಿನ ದಾರಿಯಲ್ಲಿ ಕೈ ಇಟ್ಟು ಚೆಂಡು ತಟ್ಟುತ್ತಾರೆ, ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು) ಹಿಡಿಯುತ್ತಾರೆ. ಅವರು ಸೆಂಟರ್ ಆಗಿದ್ದ ಡೆನ್ವರ್ ತಂಡ 2023ರಲ್ಲಿ ಚಾಂಪಿಯನ್ ಆಯಿತು.

ಕೊನೆಗೆ ಬಾಯಿ. ಎಲ್ಲರ ಹಿಂದೆ ನಿಂತ ನಿಮಗೆ ಮಾತ್ರ ಇಡೀ ಆಟ ಕಾಣುತ್ತದೆ. ಸ್ಕ್ರೀನ್ ತಗಲುವ ಮೊದಲೇ ‘ಎಡಕ್ಕ ಸ್ಕ್ರೀನ್!’ ಎಂದು ಕೂಗಿ. ತಗಲಿದ ಮೇಲೆ ಕೂಗಿದರೆ ಅದು ಸುದ್ದಿ ಮಾತ್ರ. ವಾರಕ್ಕೆ ಮೂರು ದಿನ, ಮೈ ದಣಿಯುವ ಮೊದಲು, ಇಬ್ಬರ ವಿರುದ್ಧ ನೀವೊಬ್ಬರೇ ಡ್ರಾಪ್ ಆಡಿ: ಬಲಗಡೆಯಿಂದ 8 ಸಲ, ಎಡಗಡೆಯಿಂದ 8 ಸಲ. ಕೂಗದೆ ಆಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ನಮ್ಮ ಪ್ರೌಢಶಾಲೆ ತಂಡದ ಎತ್ತರದ ಹುಡುಗನ ಡಿಫೆನ್ಸ್ ದುರ್ಬಲ. 2-3 ಝೋನ್ (ಇಬ್ಬರು ಮುಂದೆ, ಮೂವರು ಹಿಂದೆ ನಿಂತು ಜಾಗ ಕಾಯುವುದು) ಹಾಕಿ ಅವನನ್ನು ನಡುವೆ ನಿಲ್ಲಿಸಿದರೆ ಸಾಕಲ್ಲವೇ? – ಹಾವೇರಿಯ ದೈಹಿಕ ಶಿಕ್ಷಕರು

ಉತ್ತರ: ಪಂದ್ಯಕ್ಕೆ ಸಾಕು, ಹುಡುಗನಿಗೆ ಸಾಲದು. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಡಿಫೆನ್ಸ್ ಮಾಡುವವನಿಗೆ ಮೂರು ಸೆಕೆಂಡಿನ ಮಿತಿ ಇಲ್ಲ, ಅವನು ರಿಂಗಿನ ಮುಂದೆ ಎಷ್ಟು ಹೊತ್ತಾದರೂ ನಿಲ್ಲಬಹುದು. ಎನ್‌ಬಿಎಯಲ್ಲಿ ಆ ಮಿತಿ ಇದೆ. ವಿಡಿಯೊ ನೋಡಿ ಕಲಿತ ಹುಡುಗರು ಸುಮ್ಮನೆ ಹೊರಗೆ ಓಡುವುದು ಇದಕ್ಕೇ. ಆದರೆ 2-3ರಲ್ಲಿ ಫ್ರೀ ಥ್ರೋ ಗೆರೆಯ ನಡುಭಾಗಕ್ಕೆ ಪಾಸ್ ಬಂದರೆ ಇದೇ ಹುಡುಗ ಮುಂದೆ ಬರಬೇಕು, ಆಗ ಬೆನ್ನ ಹಿಂದೆ ರಿಂಗ್ ಬಯಲು. ರೀಬೌಂಡಿನಲ್ಲಿ ಯಾರನ್ನು ಅಡ್ಡಗಟ್ಟಬೇಕೆಂಬುದೂ ಝೋನ್‌ನಲ್ಲಿ ಗೊಂದಲ. ಶಾಟ್ ಹೋದ ಕೂಡಲೇ ಹತ್ತಿರದವನಿಗೆ ಮೈ ತಾಗಿಸಿ, ಬೆನ್ನು ಕೊಟ್ಟು, ಆಮೇಲೆ ಚೆಂಡು ನೋಡುವುದನ್ನು ಕಲಿಸಿ. ಅಭ್ಯಾಸದಲ್ಲಿ ಅರ್ಧ ಹೊತ್ತಾದರೂ ಮ್ಯಾನ್-ಟು-ಮ್ಯಾನ್ (ಒಬ್ಬೊಬ್ಬರು ಒಬ್ಬ ಎದುರಾಳಿಯನ್ನು ಕಾಯುವುದು) ಆಡಿಸಿ.

ಪ್ರಶ್ನೆ: ಸಿಮೆಂಟ್ ಅಂಗಳದಲ್ಲಿ ಈ ಅಭ್ಯಾಸ ಮಾಡಿದರೆ ಮಗನ ಮೊಣಕಾಲು ಕೆಡುತ್ತದೆಯೇ? – ಧಾರವಾಡದ ಓದುಗರು

ಉತ್ತರ: ಹೆಜ್ಜೆಯ ಅಭ್ಯಾಸಕ್ಕೆ ಅಂಥ ಭಯ ಬೇಡ, ಹಾರಾಟಕ್ಕೆ ಮಿತಿ ಇರಲಿ: ದಿನಕ್ಕೆ 40, ಅದೂ ದಿನ ಬಿಟ್ಟು ದಿನ. ಎರಡೂ ಕಾಲ ಮೇಲೆ, ಮೊಣಕಾಲು ಬಗ್ಗಿಸಿ, ಸದ್ದಾಗದಂತೆ ಇಳಿಯಬೇಕು. ಚಿಪ್ಪಿನ ಕೆಳಗೆ ಬೆರಳಿಟ್ಟು ಒತ್ತಿದರೆ ನೋವಿದ್ದ ದಿನ ಹಾರುವುದು ಬೇಡ. ಎರಡು ವಾರವಾದರೂ ನೋವು ಹೋಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಜುಲೈನ ಜಿಟಿಜಿಟಿ ಮಳೆಯಲ್ಲಿ ಅಂಗಳ ಪಾಚಿಗಟ್ಟಿ ಜಾರುತ್ತದೆ. ಆ ದಿನಗಳಿಗೆ ಮೇಲೆ ಹೇಳಿದ ಗೋಡೆಯ ವ್ಯಾಯಾಮ ಇದೆ, ಪಡಸಾಲೆಯಲ್ಲೇ ಆಗುತ್ತದೆ.