ಜಗಳ ಬಲ್ಬಿನದು, ಕರೆಂಟು ಫ್ಯಾನಿನದು

ಪ್ರಶ್ನೆ: ಅಕ್ಕಾ, ನಮ್ಮೂರು ಮಾನ್ವಿ. ಖಾಲಿ ಕೋಣೆಯಲ್ಲಿ ಲೈಟ್ ಕಂಡರೆ ನಮ್ಮತ್ತೆ ಮನೆಯನ್ನೇ ಎಬ್ಬಿಸುತ್ತಾರೆ. ನಮ್ಮವರು ಎಲ್ಲ ಹಚ್ಚಿಟ್ಟು ಹೊರಗೆ ಹೋಗುತ್ತಾರೆ. ಕೇಳಿದರೆ "ಗೃಹಜ್ಯೋತಿಯ ಪುಕ್ಕಟೆ ಕರೆಂಟ್ ಇದೆಯಲ್ಲ" ಅನ್ನುತ್ತಾರೆ. ಮೇ ತಿಂಗಳ ನಡುಮಧ್ಯಾಹ್ನ ಅತ್ತೆ ಫ್ಯಾನ್ ಬಂದ್ ಮಾಡಿ ಬೆವರುತ್ತ ಕೂತಿದ್ದರು. ತಾಯಿ ಮಗ ಇಬ್ಬರೂ ಇಷ್ಟು ಬೇರೆ ಯಾಕೆ? ಹುಟ್ಟುಗುಣವೇ?

ಉತ್ತರ: ತಂಗಿ, ನಾನು ಬೆಳೆದದ್ದು ಶಕ್ತಿನಗರದ ಕ್ವಾರ್ಟರ್ಸ್‌ನಲ್ಲಿ. 1985ರಲ್ಲಿ ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದಾಗ ನಾನು ಮೂರನೇ ಕ್ಲಾಸು. ಅಪ್ಪನ ಅಂಗಿ ನೆನೆಹಾಕಿದರೆ ಬಕೀಟಿನ ನೀರು ಕಪ್ಪಗಾಗುತ್ತಿತ್ತು. ಒಂದು ಯೂನಿಟ್ ಕರೆಂಟಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು ಎಂದು ಅವರೇ ಹೇಳಿದ್ದು. ಆದರೂ ಲೈಟ್ ಬಂದ್ ಮಾಡುವ ರೂಢಿ ನನಗಿರಲಿಲ್ಲ. ಕರೆಂಟ್ ಹೋಗುತ್ತಲೇ ಇರಲಿಲ್ಲವಲ್ಲ! ಲಿಂಗಸುಗೂರು ಕಡೆಯ ಹಳ್ಳಿಗೆ ಸೊಸೆಯಾಗಿ ಹೋದಾಗ ನೋಡಿದೆ: ಅಡುಗೆ ಮುಗಿದ ಕೂಡಲೇ ನಮ್ಮತ್ತೆಯ ಕೈ ಚಿಮಣಿಯ ಬತ್ತಿ ಇಳಿಸುತ್ತಿತ್ತು. ರೇಷನ್ನಿನ ಎಣ್ಣೆ ತಿಂಗಳ ಕೊನೆವರೆಗೆ ಸಾಲಬೇಕಿತ್ತು. ನಿಮ್ಮತ್ತೆಯ ಕೈಯೂ ಅಂಥ ದಿನಗಳಲ್ಲೇ ಪಳಗಿರಬೇಕು. ಅದನ್ನು ಜಿಪುಣತನ ಅನ್ನಬೇಡ. ಮಗ ಸ್ವಿಚ್ ಒತ್ತಿ ಬೆಳೆದವನು.

ಹುಟ್ಟುಗುಣವೂ ಇದೆ, ಅಚ್ಚುಕಟ್ಟಿನ ಮಂದಿಗೆ ಸ್ವಿಚ್ ನೆನಪಿರುತ್ತದೆ. ಆದರೆ ಮೀಟರು ಎಷ್ಟು ಓಡುತ್ತದೆ ಅನ್ನುವುದು ಹೆಚ್ಚಾಗಿ ಮನೆಯ ಅಳತೆ, ಇರುವ ಜನ, ಬರುವ ಆದಾಯ, ಕೊಂಡ ಸಾಮಾನುಗಳ ಮೇಲಿದೆ. ಲೆಕ್ಕ ಹಾಕು. 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆ ಸುಮ್ಮನೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗದು. 75 ವ್ಯಾಟಿನ ಹಳೇ ಫ್ಯಾನು ದಿನಕ್ಕೆ 16 ಗಂಟೆ ತಿರುಗಿದರೆ 36 ಯೂನಿಟ್. ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟರಿನ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಾದರೆ 15ರೊಳಗೆ. ಮರೆಯುವವರಿಗೆ ಇಂಥದ್ದೇ ಸರಿ. ಒಮ್ಮೆ ಹಾಕಿಸಿದರೆ ದಿನಾ ನೆನಪಿಡುವ ಕೆಲಸವಿಲ್ಲ.

ಗೃಹಜ್ಯೋತಿಯ ಮಾತು ಬಂತಲ್ಲ, ನಿಮ್ಮವರಿಗೆ ಹೇಳು: ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು.

ಅತ್ತೆ ಬಲ್ಬ್ ಆರಿಸಲಿ, ತಡೆಯಬೇಡ. ಫ್ಯಾನ್ ವಿಷಯದಲ್ಲಿ ಮಾತ್ರ ನೀನು ಗಟ್ಟಿಯಾಗಿ ನಿಲ್ಲು. ನಮ್ಮ ರಾಯಚೂರಿನ ಬೇಸಿಗೆ ವಯಸ್ಸಾದವರ ಜೀವಕ್ಕೆ ಕುತ್ತು ತರುವಂಥದ್ದು. ಹೊಸ ಫ್ಯಾನ್ ತಂದರೆ ಮೊದಲು ಅವರ ಕೋಣೆಗೇ ಹಾಕಿಸು. ಅರ್ಧಕ್ಕಿಂತ ಕಡಿಮೆ ಕರೆಂಟು ತಿನ್ನುತ್ತದೆ ಎಂದು ಮೀಟರಿನ ಮುಂದೆ ಕರೆದೊಯ್ದು ತೋರಿಸು. ನಮ್ಮತ್ತೆ ಒಪ್ಪಿದ್ದು ಹಾಗೆಯೇ.