ಹೆಸರು ಹಳೆಯದು ಅಂತ ನಂಬಿ ಕೂರಬೇಡಿ

ಗಂಗಾವತಿಯಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಹುಡುಗರಲ್ಲಿ ಗ್ನೋಮ್ ಪಾರ್ಟಿ, ಕೆಡಿಇ ಪಾರ್ಟಿ ಅಂತ ಎರಡಾಗಿವೆ. ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ಎಲ್ಲಾ ಪುಕ್ಕಟೆ ಸಾಫ್ಟ್‌ವೇರೇ ಅಂದಮೇಲೆ ಸೇರಿ ಒಂದನ್ನೇ ಮಾಡಬಾರದಾ? ಆಫೀಸ್ ಸಾಫ್ಟ್‌ವೇರ್‌ನಲ್ಲೂ ಎರಡು! ನಾವಂತೂ ಓಪನ್‌ಆಫೀಸನ್ನೇ ಇಟ್ಟುಕೊಂಡಿದ್ದೇವೆ, ಹಳೆ ಹೆಸರು ಅಲ್ವಾ."

ಸರ್, ಹುಡುಗರ ಜಗಳಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಚಿಂತೆ ಹತ್ತಿದ್ದು ನಿಮ್ಮ ಕೊನೆಯ ಮಾತಿಗೆ.

ಗ್ನೋಮ್, ಕೆಡಿಇ ಎರಡೂ ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು, ಅಂದರೆ ಪರದೆಯ ಮೇಲೆ ಕಿಟಕಿ, ಮೆನು ತೋರಿಸುವ ಸಾಫ್ಟ್‌ವೇರ್. ಕೆಡಿಇ ಶುರುವಾದದ್ದು 1996ರಲ್ಲಿ. ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ಲೈಬ್ರರಿಯ (ಸಿದ್ಧ ಕೋಡಿನ ಕಟ್ಟು) ಲೈಸೆನ್ಸ್ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದು ಸರಿಬೀಳದವರು 1997ರಲ್ಲಿ ಗ್ನೋಮ್ ಶುರು ಮಾಡಿದರು. 2000ದಲ್ಲಿ ಕ್ಯೂಟಿ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಅಡಿಯಲ್ಲೂ ಸಿಕ್ಕಿತು. ಜಗಳದ ಮೂಲವೇ ಹೋಯಿತು. ಅಷ್ಟರಲ್ಲಿ ಎರಡಕ್ಕೂ ತಮ್ಮದೇ ಬಳಗ ಬೆಳೆದಿತ್ತು, ಎರಡೂ ಉಳಿದವು. ಬಳಕೆದಾರರು ಕೂಗಾಡಿಕೊಂಡಿದ್ದರೂ, ಕೋಡ್ ಬರೆಯುವವರು 2009ರಲ್ಲಿ ಗ್ರಾನ್ ಕನಾರಿಯಾದಲ್ಲಿ, 2011ರಲ್ಲಿ ಬರ್ಲಿನ್‌ನಲ್ಲಿ ಒಟ್ಟಿಗೇ ಸಮ್ಮೇಳನ ನಡೆಸಿದರು.

ಹುಡುಗರಿಗೆ ಒಂದು ಕೆಲಸ ಹೇಳಿ. ಎರಡೂ ಡೆಸ್ಕ್‌ಟಾಪ್‌ಗಳಲ್ಲಿ 'ಕೊಪ್ಪಳ', 'ಬಳ್ಳಾರಿ', 'ರಾಷ್ಟ್ರ' ಅಂತ ಯುನಿಕೋಡ್‌ನಲ್ಲಿ ಟೈಪ್ ಮಾಡಲಿ. 'ಷ'ದ ಕೆಳಗೆ ಟ ಒತ್ತು, ಅದರ ಜೊತೆ ರ ಒತ್ತು ಸರಿಯಾಗಿ ಕೂರಬೇಕಲ್ಲ? ಅದನ್ನು ಕೂರಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಗ್ನೋಮ್ ಕಡೆ ಅಕ್ಷರ ಜೋಡಿಸುವ ಪ್ಯಾಂಗೋ, ಕೆಡಿಇ ಕಡೆಯ ಕ್ಯೂಟಿ ಎರಡೂ ಫ್ರೀಟೈಪ್ ಎಂಬ ಫಾಂಟ್ ಲೈಬ್ರರಿಯ ಹಳೆಯ ಕೋಡನ್ನು ಬೇರೆ ಬೇರೆ ತಿದ್ದಿಕೊಂಡಿದ್ದವು. ಆಮೇಲೆ ಎರಡನ್ನೂ ಸೇರಿಸಿ ಹಾರ್ಫ್‌ಬಜ್ ಮಾಡಿದರು. ಇವತ್ತು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ಬಳಸುತ್ತವೆ. ಯಾವ ಪಾರ್ಟಿಯವನು ಒತ್ತಕ್ಷರದ ದೋಷ ಸರಿಪಡಿಸಿದರೂ ಎಲ್ಲರ ಕನ್ನಡ ಸರಿಹೋಗುತ್ತದೆ. ಇಂಥ ಪೈಪೋಟಿ ಇನ್ನೂ ನಾಲ್ಕು ಇರಲಿ ಬಿಡಿ.

ಆಫೀಸ್ ಕಥೆ ಹಾಗಲ್ಲ. ಓಪನ್‌ಆಫೀಸ್ ನೋಡಿಕೊಳ್ಳುತ್ತಿದ್ದ ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡುಕೊಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಒಂದು ಗುಂಪು ಹೊರಬಂದು ಲಿಬ್ರೆಆಫೀಸ್ ಘೋಷಿಸಿತು. 2011ರಲ್ಲಿ ಒರಾಕಲ್ ಹಳೆಯದನ್ನು ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು. ಇಲ್ಲಿ ಲೈಸೆನ್ಸ್ ನಮ್ಮ ಎಡದಂಡೆ ಕಾಲುವೆ ಇದ್ದಂತೆ. ಓಪನ್‌ಆಫೀಸ್‌ನ ಕೋಡ್ ಲಿಬ್ರೆಆಫೀಸ್‌ಗೆ ಹರಿಯುತ್ತದೆ, ತಿರುಗಿ ಮೇಲಕ್ಕೆ ಹರಿಯಲ್ಲ. ಕೆಲಸ ಮಾಡುವವರೂ ಹೆಚ್ಚಾಗಿ ಲಿಬ್ರೆ ಕಡೆಗೇ ಹೋದರು. 2015ರ ಏಪ್ರಿಲ್‌ನಲ್ಲಿ ಓಪನ್‌ಆಫೀಸ್‌ನ ಒಂದು ಭದ್ರತಾ ದೋಷ ಬಯಲಾಯಿತು. ಅದನ್ನು ಸರಿಪಡಿಸಿದ ಆವೃತ್ತಿ ಬಂದದ್ದು ಅಕ್ಟೋಬರ್‌ನಲ್ಲಿ! 2014ರಲ್ಲಿ ಬಂದ 4.1ರ ನಂತರ ಸಣ್ಣಪುಟ್ಟ ತಿದ್ದುಪಡಿಗಳಷ್ಟೇ ಬಂದಿವೆ. 'ಲಿಬ್ರೆಆಫೀಸ್ ಇದೆ ಅಂತ ನಿಮ್ಮ ಬಳಕೆದಾರರಿಗೆ ತಿಳಿಸಿ' ಎಂದು 2020ರಲ್ಲಿ ಲಿಬ್ರೆ ಕಡೆಯವರು ಬಹಿರಂಗ ಪತ್ರವನ್ನೇ ಬರೆದರು.

ಮನೆ ಒಡೆದದ್ದು ತಪ್ಪು ಅಂತ ನಾನು ಹೇಳಲ್ಲ. ಸರ್ವರ್‌ಗಳಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್‌ನಲ್ಲೂ ಒಂದೇ ಕಂಪನಿಯ ಹಿಡಿತ ಜಾಸ್ತಿಯಾಯಿತು ಅಂತ 2014ರ ಕೊನೆಗೆ ಐಒ.ಜೆಎಸ್ ಒಡೆದು ಹೊರಬಂತು. ಆಡಳಿತ ಸರಿಹೋದಮೇಲೆ 2015ರಲ್ಲೇ ಎರಡೂ ಒಂದಾದವು. ನನ್ನ ತಕರಾರು ಬೇರೆ. ಕೈ ಸಾಲದಾದಾಗ, ಹೆಸರು ನಂಬಿ ಬರುವವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು. ನಿಮ್ಮ ಸೆಂಟರ್‌ಗೆ ಯಾರೂ ಹೇಳಲಿಲ್ಲ, ಅಲ್ವಾ?

ಲಿಬ್ರೆಆಫೀಸ್ ಹಾಕಿಸಿ. ಓಪನ್‌ಆಫೀಸ್‌ನಲ್ಲಿ ಉಳಿಸಿದ ಓಡಿಟಿ ಕಡತಗಳು ಅದರಲ್ಲೂ ತೆರೆಯುತ್ತವೆ. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಲಗ್ನಪತ್ರಿಕೆಗಳಿದ್ದರೆ ಅವನ್ನು ಬೇರೆಯಾಗಿಯೇ ಯುನಿಕೋಡ್‌ಗೆ ಬದಲಿಸಬೇಕು. ಅದಕ್ಕೆ ಕೈ ಹಾಕುವ ಮುಂಚೆ ಎಲ್ಲದರದೂ ಒಂದೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ತೆಗೆದಿಡಿ.

— ಸಂಪಾದಕ